ಸಿಟ್ಟಾಗೀರೇನ್ರಿ ಅತ್ತಿ?

ಮಶೀನು ಬಡಿದುಕೊಳ್ಳಲು ಶುರು ಮಾಡಿದ ಮೇಲೆ ನನಗೆ ಆ ವರ್ಷ ನೆನಪಾಯಿತು. ಅದಕ್ಕೂ ಮೊದಲು, ಸೇಡಂ ರಸ್ತೆಯ ಆ ಸ್ಕ್ಯಾನಿಂಗ್ ಸೆಂಟರಿನ ಮೆಟ್ಟಿಲು ಹತ್ತುವಾಗ, ಚಪ್ಪಲಿ ಬಿಡುವಾಗ, ಹಸಿರು ಗೌನು ಹಾಕಿಕೊಳ್ಳುವಾಗ ನನ್ನ ತಲೆಯಲ್ಲಿ ಇದ್ದದ್ದು ಸೊಂಟದ ನೋವೊಂದೇ. ಸೊಂಟದಿಂದ ಎಡಗಾಲಿಗೆ ಇಳಿಯುವ ಈ ನೋವು ಬೇಸಿಗೆಯಿಂದ ನನ್ನನ್ನು ತಿಂದುಹಾಕಿದೆ. ಡಾಕ್ಟರು ಬೆನ್ನು ಒತ್ತಿ ನೋಡಿ, ಮುಖ ಸಣ್ಣದು ಮಾಡಿ, "ಒಂದು ಎಂಆರ್‌ಐ ಮಾಡಿಸಿಬಿಡ್ರಿ, ಸಂಶಯ ಬ್ಯಾಡ" ಅಂದಿದ್ದರು. ಯಾವುದರ ಸಂಶಯ ಎಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

"ಅಲ್ಲಾಡಬ್ಯಾಡ್ರಿ ಅಮ್ಮಾ. ಸಪ್ಪಳ ಬಹಳ ಆಗ್ತದ, ಆರಾಮ ಮಲಗ್ರಿ" ಎಂದು ಟೆಕ್ನಿಶಿಯನ್ ನನ್ನನ್ನು ಕೊಳವೆಯೊಳಗೆ ತಳ್ಳಿದ. ಮೂಗಿನ ಮೇಲೆ ಒಂದು ಗೇಣು ಜಾಗ ಇಲ್ಲ, ಆರಾಮ ಮಲಗಬೇಕಂತೆ! ಆಮೇಲೆ ಶುರುವಾಯಿತು ಆ ಬಡಿತ. ಯಾರೋ ತಗಡಿನ ಬಾಗಿಲನ್ನು ಮುಷ್ಟಿಯಿಂದ ಗುದ್ದಿ, ಸ್ವಲ್ಪ ನಿಂತು, ಮತ್ತೆ ಗುದ್ದಿದ ಹಾಗೆ. ಈ ಸಪ್ಪಳವನ್ನು ನಾನು ಹಿಂದೆ ಇದೇ ಕಟ್ಟಡದಲ್ಲಿ ಗಾಜಿನ ಆಚೆ ಕುಳಿತು ಕೇಳಿದ್ದೆ. ಆಗ ಒಳಗೆ ಮಲಗಿದ್ದವಳು ಸವಿತಾ. ಈಗ ಅವಳು ಹೊರಗೆ ನನ್ನ ಬಳೆ, ಸರ, ಕನ್ನಡಕ ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು.

ಸವಿತಾ ನನ್ನ ಒಬ್ಬನೇ ಮಗ ಬಸವರಾಜನ ಹೆಂಡತಿಯಾಗಿ ನಮ್ಮ ಮನೆಗೆ ಬಂದವಳು. ಕಲಬುರಗಿಯಲ್ಲಿ, ಐವಾನ್-ಎ-ಶಾಹಿ ಅತಿಥಿಗೃಹದ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅವಳ ತವರು ಕಮಲಾಪುರ, ಕೆಂಪು ಬಾಳೆಹಣ್ಣಿನ ಊರು. ಬಂದ ಹೊಸದರಲ್ಲಿ ಅವಳ ಪ್ರೀತಿ ಕಂಡು ನಾನೇ ಬೆರಗಾಗಿದ್ದೆ. ಬಸು ಬ್ಯಾಂಕಿಗೆ ಹೊರಟರೆ ಗೇಟಿನವರೆಗೆ ಹೋಗಿ ನಿಲ್ಲುವಳು, ಅವನ ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ಒಳಗೆ ಬರುತ್ತಿರಲಿಲ್ಲ. ಮಧ್ಯಾಹ್ನ ಅವನು ಫೋನ್ ಎತ್ತದಿದ್ದರೆ ಮಾತ್ರ ಮನೆಯಲ್ಲಿ ಒಂದು ಪಾತ್ರೆಯೂ ನೆಟ್ಟಗೆ ಉಳಿಯುತ್ತಿರಲಿಲ್ಲ. ಬೆಳಿಗ್ಗೆ "ನೀವ ನನ್ನ ಹಡದವ್ವ" ಎಂದು ನನ್ನ ಕೊರಳಿಗೆ ಬೀಳುವವಳು ಸಂಜೆ "ನೀವ ನನ್ನ ಬಾಳು ಹಾಳು ಮಾಡಾಕತ್ತೀರಿ" ಎಂದು ಬಾಗಿಲು ಹಾಕಿಕೊಳ್ಳುವಳು. ಒಮ್ಮೆ ಬಸು ಕೆಲಸದ ಮೇಲೆ ಬೀದರಿಗೆ ಹೋಗಿ ಅಲ್ಲೇ ಉಳಿದಾಗ ತನ್ನ ಕೈಗೆ ತಾನೇ ಗಾಯ ಮಾಡಿಕೊಂಡು ಆಸ್ಪತ್ರೆ ಸೇರಿದಳು. ಆಮೇಲೆ ಅದನ್ನು ಮುಚ್ಚಲು ಮೊಣಕೈ ತನಕ ಹಸಿರು ಬಳೆ ಇಟ್ಟುಕೊಂಡಳು. ಓಣಿಯ ಹೆಂಗಸರು "ನಿಮ್ಮ ಸೊಸಿ ಎಷ್ಟು ಛಂದ ಬಳಿ ಇಟ್ಕೋತಾಳ್ರಿ" ಎನ್ನುವರು. ನಾನು ಹೂಂ ಎಂದು ಒಳಗೆ ಬರುತ್ತಿದ್ದೆ.

ಆ ವರ್ಷ ಯುಗಾದಿ ಮುಗಿದದ್ದೇ ತಡ, ಬಿಸಿಲು ಹತ್ತಿಕೊಂಡಿತು. ಕಲಬುರಗಿಯ ಬಿಸಿಲನ್ನು ಇಲ್ಲಿಯವರಿಗೆ ಹೇಳಬೇಕಿಲ್ಲ, ಬೇರೆಯವರಿಗೆ ಹೇಳಿದರೆ ತಿಳಿಯುವುದಿಲ್ಲ. ಆ ಬಿಸಿಲಿನಲ್ಲೇ ಸವಿತಾ ಮತ್ತೊಮ್ಮೆ ಆಸ್ಪತ್ರೆ ಸೇರಿದಳು. ಈ ಸಲ ಅವಳು ಉಳಿದದ್ದೇ ದೊಡ್ಡದು. ವರಾಂಡದಲ್ಲಿ ಬಸು ನನ್ನ ಪಕ್ಕ ಕುಳಿತು ಗೋಡೆ ನೋಡುತ್ತ ಹೇಳಿದ.

"ಅವ್ವಾ, ನನ್ನ ಕೈಲಿ ಆಗಂಗಿಲ್ಲ. ಮನಿಗಿ ಬರಬೇಕಂದ್ರ ಬಾಗಲದಾಗ ಕಾಲು ನಡಗ್ತಾವ. ಅಕೀನ ಕಮಲಾಪುರಕ್ಕ ಕಳಿಸ್ತೀನಿ. ವಕೀಲರ ಜೋಡಿನೂ ಮಾತಾಡೀನಿ."

ನಾನು ಅವನನ್ನು ಬೈಯಲಿಲ್ಲ. ಅವನ ಕಣ್ಣಿನ ಕೆಳಗೆ ಕಪ್ಪಗಾಗಿತ್ತು. ಹೆಂಡತಿ ಸತ್ತಾಳು ಎಂದು ಹೆದರುತ್ತ ಬ್ಯಾಂಕಿನಲ್ಲಿ ನೋಟು ಎಣಿಸುವವನಿಗೆ ಏನೆಂದು ಬೈಯಲಿ? ನನಗೂ ಸಾಕಾಗಿತ್ತು. ಸುಳ್ಳು ಯಾಕೆ ಹೇಳಲಿ, ಅವಳು ಕಮಲಾಪುರದ ಬಸ್ಸು ಹತ್ತಿದ ದಿನ ನಾನು ಮಧ್ಯಾಹ್ನ ಕಣ್ತುಂಬ ನಿದ್ದೆ ಮಾಡಿದೆ.

ಅವಳ ರೋಗಕ್ಕೆ ಹೆಸರು ಹೇಳಿದವರು ನೌಶೀನ್ ಡಾಕ್ಟರು. ಸೇಡಂ ರಸ್ತೆಯಲ್ಲೇ ಅವರ ಕ್ಲಿನಿಕ್ಕು. ಇದೇ ಊರಿನವರು, ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಅಚ್ಚ ಕಲಬುರಗಿ ಕನ್ನಡ. "ಇದಕ್ಕ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಅಂತಾರ್ರಿ ಅಮ್ಮಾ. ನನ್ನವರು ನನ್ನ ಬಿಟ್ಟು ಹೋಗ್ತಾರ ಅನ್ನೋ ಅಂಜಿಕಿ ಇದರ ಬೇರು. ನಮಗ ಸಿಟ್ಟು ಬಂದ್ರ ಬಂದು ಹೋಗ್ತದ. ಇವರಿಗಿ ಬಂತಂದ್ರ ಮೈಯೆಲ್ಲಾ ಹತ್ಕೋತದ, ಆರೂದಕ್ಕ ಬಹಳ ಹೊತ್ತು ಹಿಡೀತದ. ನಾಟಕ ಅಲ್ಲ, ಹಟ ಅಲ್ಲ" ಅಂದರು. ಮಿದುಳಿನೊಳಗೆ ಬಾದಾಮಿಯಷ್ಟು ಒಂದು ಭಾಗ ಇದೆಯಂತೆ, ಅಪಾಯ ಬಂತು ಎಂದು ಗಂಟೆ ಬಾರಿಸುವುದು ಅದರ ಕೆಲಸ. ಹಣೆಯ ಹಿಂದಿನ ಭಾಗ ಅದಕ್ಕೆ ಸುಮ್ಮನಿರು ಎಂದು ಹೇಳಬೇಕು. ಈ ರೋಗದವರಲ್ಲಿ ಗಂಟೆ ಬೇಗ ಬಡಿದುಕೊಳ್ಳುತ್ತದೆ, ಸುಮ್ಮನಿರು ಎನ್ನುವ ಮಾತು ತಡವಾಗಿ ತಲುಪುತ್ತದೆ. ಮೈಂಡ್‌ಫುಲ್‌ನೆಸ್ ಎನ್ನುವ ಅಭ್ಯಾಸ ಮಾಡಿಸಿದರೆ ಇದರಲ್ಲಿ ಬದಲಾವಣೆ ಆಗುತ್ತದೋ ಎಂದು ಅವರ ತಂಡ ನೋಡುತ್ತಿತ್ತು. ಅಭ್ಯಾಸಕ್ಕೆ ಮುಂಚೆ ಒಂದು ಸ್ಕ್ಯಾನು, ಮುಗಿದ ಮೇಲೆ ಒಂದು. ಜೊತೆಗೆ ಮನೆಯವರು ಒಬ್ಬರು ಬಂದು ಕಲಿಯಬೇಕು. ಬಸು ಒಲ್ಲೆ ಎಂದ. ಕಮಲಾಪುರದ ಬೀಗತಿ, ಅಂದರೆ ಸವಿತಾಳ ತಾಯಿ, ಇದೆಲ್ಲ ಗಾಳಿ ಸೋಕಿದ್ದು ಎನ್ನುವವರು. ಉಳಿದವಳು ನಾನು.

ಮೊದಲನೇ ಸ್ಕ್ಯಾನಿನ ದಿನವೇ ಗದ್ದಲ ಆಯಿತು. ಮೈಮೇಲಿನ ಲೋಹವೆಲ್ಲ ತೆಗೆಯಬೇಕು ಅಂದರು. ಬಳೆ ಬಿಚ್ಚಿದಳು, ಓಲೆ ಬಿಚ್ಚಿದಳು, ಕಾಲುಂಗುರವನ್ನೂ ತಿರುಗಿಸಿ ತಿರುಗಿಸಿ ತೆಗೆದಳು. ತಾಳಿಗೆ ಬಂದಾಗ ಕೈ ಅಲ್ಲೇ ನಿಂತಿತು.

"ತಾಳಿ ತೆಗೆಯಂಗಿಲ್ಲ. ತೆಗದ್ರ ಮುಗೀತು" ಎಂದು ಎರಡೂ ಕೈಯಿಂದ ಹಿಡಿದುಕೊಂಡಳು. "ನನಗ ಗೊತ್ತಾಗಂಗಿಲ್ಲ ಅಂದ್ಕೊಂಡೀರಿ? ನಿಮ್ಮ ಮಗ ವಕೀಲರ ಹತ್ರ ಹೋಗ್ಯಾರ, ನೀವು ಇಲ್ಲಿ ತಾಳಿ ತೆಗಿಸಾಕ ಕರ್ಕೊಂಡು ಬಂದೀರಿ."

ಹೊರಗೆ ಕುಳಿತಿದ್ದವರೆಲ್ಲ ಎದ್ದು ನೋಡಿದರು. ನೌಶೀನ್ ಡಾಕ್ಟರು "ಜಬರ್ದಸ್ತಿ ಇಲ್ಲ ಸವಿತಾ, ಬ್ಯಾಡಂದ್ರ ಮನಿಗಿ ಹೋಗೂಣು" ಅಂದರು. ನನಗೆ ಸಿಟ್ಟು ಬಂದದ್ದು ನಿಜ. ಮರುಕ್ಷಣ ಅವಳ ಮಾತು ಕೇಳಿಸಿತು. ಬಿಟ್ಟುಹೋಗುತ್ತಾರೆ ಎಂಬುದೇ ರೋಗವಾದವಳಿಗೆ, ಗಂಡ ನಿಜವಾಗಿಯೂ ವಕೀಲರನ್ನು ಕಂಡಿರುವಾಗ, ಕೊರಳು ಬರಿದು ಮಾಡು ಅನ್ನುತ್ತಿದ್ದೇವೆ. ಯಾವ ಹೆಣ್ಣಾದರೂ ಹಿಡಿದುಕೊಳ್ಳುತ್ತಾಳೆ. ನಾನು ಸೆರಗು ತಲೆಗೆ ಹಾಕಿಕೊಂಡು ಬಿಸಿಲಿಗೆ ಇಳಿದು ಕಿರಾಣಿ ಅಂಗಡಿ ಹುಡುಕಿದೆ. ಒಂದು ಅರಿಷಿಣದ ಕೊಂಬು, ಒಂದು ಉಂಡೆ ಬಿಳಿ ದಾರ ತಂದೆ. ತಾಳಿಸರ ಹರಿದು ಪತ್ತಾರನ ಹತ್ತಿರ ಪೋಣಿಸಲು ಕೊಟ್ಟಾಗ ನಮ್ಮ ಮನೆಗಳಲ್ಲಿ ಬರಿಗೊರಳಲ್ಲಿ ಇರುವುದಿಲ್ಲ, ಅರಿಷಿಣದ ಕೊಂಬು ಕಟ್ಟಿಕೊಳ್ಳುತ್ತೇವೆ. ಅದರಲ್ಲಿ ಲೋಹ ಎಲ್ಲಿಂದ ಬರಬೇಕು? ದಾರಕ್ಕೆ ಅರಿಷಿಣ ಉಜ್ಜಿ, ಕೊಂಬು ಕಟ್ಟಿ, ಅವಳ ಕೊರಳಿಗೆ ಗಂಟು ಹಾಕಿದೆ. ಆಮೇಲೆ ಅವಳೇ ತಾಳಿ ಬಿಚ್ಚಿ ನನ್ನ ಕರವಸ್ತ್ರದಲ್ಲಿ ಹಾಕಿದಳು.

ಟೆಕ್ನಿಶಿಯನ್ ಕೊಂಬನ್ನು ಹಿಡಿದು ಹಿಂದೆಮುಂದೆ ನೋಡಿದ. "ಇದು ನಡೀತದೇನ್ರಿ ಮೇಡಂ?" ಎಂದು ಡಾಕ್ಟರನ್ನು ಕೇಳಿದ.

"ಸಾರಿಗಿ ಹಾಕೂದಲ್ಲೇನಪಾ, ನಡೀತದ" ಎಂದು ನಾನೇ ಹೇಳಿದೆ. ಡಾಕ್ಟರು ನಕ್ಕು ತಲೆ ಆಡಿಸಿದರು.

ಒಳಗೆ ಮಲಗಿದವಳಿಗೆ ಒಂದು ಕನ್ನಡಿಯಲ್ಲಿ ಮುಖಗಳ ಫೋಟೊ ತೋರಿಸುತ್ತ ಹೋದರು. ಆಗ ಮಿದುಳು ಹೇಗೆ ನಡೆದುಕೊಳ್ಳುತ್ತದೆ ಎಂದು ಆಚೆ ಕಂಪ್ಯೂಟರು ಬರೆದುಕೊಳ್ಳುತ್ತದೆ. ನಾನು ಕಾಲ ಬಳಿ ನಿಂತು ಪಾದ ಹಿಡಿದುಕೊಳ್ಳಲೇ ಎಂದು ಕೇಳಿದ್ದೆ. ಬೇಡ, ಮುಟ್ಟಿದರೆ ಮಿದುಳಿಗೆ ತಿಳಿಯುತ್ತದೆ, ಲೆಕ್ಕ ತಪ್ಪುತ್ತದೆ ಅಂದರು. ಹೊರಬಂದವಳು ಬೆವರಿದ್ದಳು. "ಎಲ್ಲಾರೂ ಸಿಟ್ಟಾಗಿದ್ರು ಅತ್ತಿ. ಒಬ್ಬರೂ ಸುಮ್ನಿರಲಿಲ್ಲ" ಅಂದಳು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಅದರಾಗ ಎಷ್ಟೋ ಮುಖ ಸುಮ್ನ ಇದ್ದವು ಅಮ್ಮಾ. ಸಿಟ್ಟೂ ಇಲ್ಲ, ನಗೂ ಇಲ್ಲ. ಅಕೀಗಿ ಅವೂ ಸಿಟ್ಟೇ ಕಾಣ್ತಾವ."

ಈ ಮಾತು ನನಗೆ ಚುಚ್ಚಿತು. ಯಾಕೆಂದರೆ ನನ್ನ ಮುಖವೇ ಅಂಥದು. ಕೆಲಸದಲ್ಲಿ ಇರುವ ತನಕ ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಊರಿಗೆ ಊರೇ ಟ್ರಂಕ್ ಕಾಲಿಗಾಗಿ ಕಿವಿಯಲ್ಲಿ ಕೂಗುತ್ತಿದ್ದ ಕಾಲ ಅದು. ಧ್ವನಿಯನ್ನು ಬೆಣ್ಣೆ ಮಾಡಿಕೊಂಡು "ಲೈನಿನಲ್ಲೇ ಇರಿ ಸರ್" ಎನ್ನಬೇಕು. ಮುಖ ಯಾರು ನೋಡುತ್ತಾರೆ? ವರ್ಷಗಟ್ಟಲೆ ಹಾಗೆ ಕುಳಿತು ಧ್ವನಿ ಒಂದು ಕಡೆ ಉಳಿಯಿತು, ಮುಖ ಇನ್ನೊಂದು ಕಡೆ ಗಟ್ಟಿಯಾಯಿತು. ದಿನಾ ನನ್ನಿಂದ ಸೊಲ್ಲಾಪುರಕ್ಕೆ ಲೈನು ಹಾಕಿಸಿಕೊಳ್ಳುತ್ತಿದ್ದ ತೊಗರಿ ವ್ಯಾಪಾರಿಯೊಬ್ಬರು ಒಮ್ಮೆ ಆ ಧ್ವನಿಯವರನ್ನು ಕಂಡು ಹೋಗೋಣ ಎಂದು ಪೇಡೆ ಹಿಡಿದು ಬಂದಿದ್ದರು. ನನ್ನನ್ನು ನೋಡಿ, ಪೇಡೆಯ ಡಬ್ಬಿ ಮೇಜಿನ ಮೇಲಿಟ್ಟು, ಮಾತಾಡದೆ ಹೋದರು. ಈಗಿಲ್ಲದ ನನ್ನ ಯಜಮಾನರು ಚೇಷ್ಟೆ ಮಾಡುತ್ತಿದ್ದರು: "ನಿನ್ನ ಧ್ವನಿ ಕೇಳಿದ್ರ ಮತ್ತೊಮ್ಮೆ ಲಗ್ನ ಆಗಬೇಕನಸ್ತದ. ಮುಖ ನೋಡಿದ್ರ ಬಿಲ್ ಕಟ್ಟಿಲ್ಲೇನೋ ಅನಸ್ತದ." ಇಂಥ ಮುಖವನ್ನು ಅಷ್ಟು ವರ್ಷ ದಿನಬೆಳಗಾದರೆ ಸವಿತಾ ನೋಡಿದ್ದಳು.

ವಾರದ ಮೇಲೆ ಫಿಲ್ಮು ಬಂತು. ಬಸು ಅದನ್ನು ಅಡುಗೆಮನೆಯ ಟ್ಯೂಬ್‌ಲೈಟಿಗೆ ಹಿಡಿದು ಹಿಡಿದು ನೋಡಿದ. ಗಡ್ಡೆ ಇಲ್ಲ, ಕಲೆ ಇಲ್ಲ, ಎಲ್ಲ ಸರಿ ಇದೆ ಎಂದು ರಿಪೋರ್ಟಿನಲ್ಲಿತ್ತು.

"ಏನೂ ಇಲ್ಲಂತ ಬರದಾರ ಅವ್ವಾ. ಹಂಗಾದ್ರ ಇಷ್ಟು ದಿನ ಮಾಡಿದ್ದು ನಾಟಕಾನೇ?"

ಫಿಲ್ಮಿನಲ್ಲಿ ಕಾಣುವುದು ಮಿದುಳಿನ ಆಕಾರ, ಅದರ ನಡವಳಿಕೆ ಬೇರೆ ಲೆಕ್ಕ, ಅದನ್ನು ಬಹಳ ಮಂದಿಯದ್ದು ಕೂಡಿಸಿ ನೋಡಬೇಕು, ಒಬ್ಬರದ್ದು ಹಿಡಿದು ಏನೂ ಹೇಳಲು ಬರುವುದಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ನಾನು ಒಪ್ಪಿಸಿದೆ. "ಅಷ್ಟು ದೊಡ್ಡ ಮಶೀನ್ ಏನೂ ಹೇಳಂಗಿಲ್ಲಂದ್ರ ಯಾಕ ಇಟ್ಟಾರ?" ಎಂದ. ಕಮಲಾಪುರದಲ್ಲಿ ಬೀಗತಿ ಓಣಿತುಂಬ ಹೇಳಿದರು, ತಲೆಯ ಫೋಟೊ ತೆಗೆಸಿದ್ದಾರೆ, ಏನೂ ಇಲ್ಲವಂತೆ, ಬರೇ ಹಟ ಅಂತೆ. ಸವಿತಾ ಫೋನಿನಲ್ಲಿ ಹೇಳಿದಳು, "ತಲ್ಯಾಗ ಒಂದು ಸಣ್ಣ ಗಂಟರೆ ಇದ್ದಿದ್ರ ಛಲೋ ಇತ್ತು ಅತ್ತಿ. ಎಲ್ಲಾರಿಗೂ ತೋರಸ್ತಿದ್ದೆ." ಇಂಥ ಆಸೆಯನ್ನು ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ. ಬೈದೆ. ಬೈದು ಫೋನ್ ಇಟ್ಟು ಅತ್ತೆ.

ಕಡೆಗೆ ಬಸು ಒಂದು ಮಾತು ಕೊಟ್ಟ. "ಎರಡನೇ ಫೋಟೊ ಬರಲಿ. ಅದರಾಗ ಸುಧಾರಿಸ್ಯಾಳ ಅಂತ ಬಂದ್ರ ನಾನೇ ಹೋಗಿ ಕರ್ಕೊಂಡು ಬರ್ತೀನಿ. ಇಲ್ಲಂದ್ರ ಕೋರ್ಟು." ಫೋಟೊ ಹಾಗೆ ಹೇಳುವುದಿಲ್ಲ ಎಂದು ಅವನಿಗೂ ಅಂದೆ, ಅವಳಿಗೂ ಅಂದೆ. ಇಬ್ಬರಿಗೂ ಅದು ಬೇಕಿರಲಿಲ್ಲ. ಅವನಿಗೆ ಒಂದು ತೀರ್ಪು ಬೇಕಿತ್ತು, ಅವಳಿಗೆ ಒಂದು ಪರೀಕ್ಷೆ. ಪಾಸಾದರೆ ಮನೆ, ಗಂಡ. ಫೇಲಾದರೆ ಇಲ್ಲ.

ಹಾಗೆ ಶುರುವಾದವು ನಮ್ಮ ಗುರುವಾರಗಳು. ಅವಳು ಕಮಲಾಪುರದಿಂದ ಬಸ್ಸಿನಲ್ಲಿ ಬರುವಳು, ನಾನು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ಅಲ್ಲಿಂದ ಆಟೋ. ಜಗತ್ ಸರ್ಕಲ್ಲಿನ ಹಾರ್ನು, ಹೊಗೆ, ತಳ್ಳುಗಾಡಿಗಳ ನಡುವೆ ನುಸುಳಿ ಸೇಡಂ ರಸ್ತೆ ಮುಟ್ಟುವಷ್ಟರಲ್ಲಿ ಮನಸ್ಸಿನ ಶಾಂತಿ ಎಲ್ಲಿಗೋ ಹೋಗಿರುತ್ತಿತ್ತು. ಮಹಡಿಯ ಮೇಲೊಂದು ಹಾಲ್, ಚಾಪೆಗಳು, ಗರಗರ ಎನ್ನುವ ಕೂಲರು. ಕಣ್ಣು ಮುಚ್ಚಿ ಉಸಿರು ನೋಡಬೇಕು. "ವಿಚಾರ ಬರ್ತಾವ, ಬರಲಿ. ಕುರ್ಚಿ ಹಾಕಿ ಕೂಡಿಸಬ್ಯಾಡ್ರಿ, ಚಾ ಕೊಡಬ್ಯಾಡ್ರಿ" ಎನ್ನುವರು ಡಾಕ್ಟರು. ನಾನು ಮೊದಲ ದಿನವೇ ಗೊರಕೆ ಹೊಡೆದೆ. ಹಾಲ್ ಎಲ್ಲ ನಕ್ಕಿತು, ಸವಿತಾಳೂ ನಕ್ಕಳು.

"ನಿದ್ದಿ ಬಂತಂತ ಗೊತ್ತಾತಲ್ರಿ ಅಮ್ಮಾ, ಅಷ್ಟು ಗೊತ್ತಾದ್ರ ಸಾಕು" ಅಂದರು ಡಾಕ್ಟರು.

"ಗೊತ್ತಾಗಿದ್ದು ನನಗಲ್ಲ, ಇವರಿಗಿ" ಅಂದೆ.

ಇನ್ನೊಂದು ದಿನ ಒಣದ್ರಾಕ್ಷಿ ಹಂಚಿ, ತಿನ್ನದೆ ಅದನ್ನು ನೋಡಬೇಕು ಅಂದರು. ಸವಿತಾ ತನ್ನ ಚೀಲದಿಂದ ತವರಿನ ಕೆಂಪು ಬಾಳೆಹಣ್ಣು ತೆಗೆದು, "ಇದನ್ನ ನೋಡಲೇನ್ರಿ ಡಾಕ್ಟರ?" ಎಂದು ಕೇಳಿದಳು. ಎಷ್ಟೋ ಹೊತ್ತು ಅದನ್ನೇ ತಿರುಗಿಸಿ ತಿರುಗಿಸಿ ನೋಡಿದಳು. "ನಾ ನಡೆಯಾಕ ಕಲತಾಗಿಂದ ತಿಂತೀನಿ. ಸಿಪ್ಪಿ ಮ್ಯಾಲ ಇಷ್ಟು ಚುಕ್ಕಿ ಅದಾವಂತ ನೋಡೇ ಇರಲಿಲ್ಲ" ಅಂದಳು. ನಾನು ನನ್ನ ಒಣದ್ರಾಕ್ಷಿಯನ್ನು ಡಾಕ್ಟರ ಮಾತು ಮುಗಿಯುವ ಮೊದಲೇ ತಿಂದಿದ್ದೆ. ನನಗೆ ಈ ವಿದ್ಯೆ ಹತ್ತಲಿಲ್ಲ. ಒಮ್ಮೆ ಹೇಳಿದೆ, ನಾವು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ನೋಡುವುದಿಲ್ಲವೇ, ಇದೂ ಅದೇ ಅಲ್ಲವೇ ಎಂದು.

"ಇರಬಹುದು ಅಮ್ಮಾ. ಆವಾಗ ಏನರೆ ಬೇಡ್ಕೋತೀರಿ?"

"ಬೇಡ್ಕೋತೀನಿ."

"ಏನು?"

"ಇಕಿ ಆರಾಮ ಆಗಲಿ ಅಂತ."

"ಇಲ್ಲಿ ಕೂತಷ್ಟು ಹೊತ್ತು ಅದನ್ನೂ ಕೆಳಗ ಇಡ್ರಿ" ಅಂದರು ಡಾಕ್ಟರು. ಸವಿತಾ ನನ್ನನ್ನೇ ನೋಡುತ್ತಿದ್ದಳು.

ಅಲ್ಲಿ ಕಲಿಸಿದ ಮುಖ್ಯ ಪಾಠ ಒಂದಿತ್ತು. ಎದುರಿನವರ ಮುಖ ನೋಡಿ ಸಿಟ್ಟು ಅನ್ನಿಸಿದರೆ, ಅವರು ಸಿಟ್ಟಾಗಿದ್ದಾರೆ ಎನ್ನಬಾರದು, ನನಗೆ ಹಾಗೆ ಅನ್ನಿಸುತ್ತಿದೆ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳಬೇಕು. ಒಂದು ಉಸಿರು ಬಿಡಬೇಕು. ಆಮೇಲೆ ಬಾಯಿಬಿಟ್ಟು ಕೇಳಬೇಕು. ಸವಿತಾ ಇದನ್ನು ಪರೀಕ್ಷೆಯ ಪ್ರಶ್ನೆಯ ಹಾಗೆ ಹಿಡಿದುಕೊಂಡಳು. "ಸಿಟ್ಟಾಗೀರೇನ್ರಿ ಅತ್ತಿ?" ಆಟೋದಲ್ಲಿ ಕೇಳುವಳು, ಚಹಾದ ಅಂಗಡಿಯಲ್ಲಿ ಕೇಳುವಳು, ಬಸ್ಸು ಹತ್ತಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳುವಳು. "ಇಲ್ಲ ಯವ್ವಾ, ಇದು ನನ್ನ ಮುಖ" ಎಂದು ನಾನು ಹೇಳಬೇಕು. ಹೇಳಿ ಹೇಳಿ ನನಗೆ ಸಿಟ್ಟೇ ಬರುತ್ತಿತ್ತು. ಆಗ "ಹೂಂ, ಈಗ ಆಗೀನಿ" ಎನ್ನುತ್ತಿದ್ದೆ. ವಿಚಿತ್ರ ಎಂದರೆ, ಹಾಗಂದಾಗ ಅವಳು ಹೆದರುತ್ತಿರಲಿಲ್ಲ, ನಿರಾಳವಾಗುತ್ತಿದ್ದಳು.

ಶ್ರಾವಣದಲ್ಲಿ ಒಂದು ಗುರುವಾರ ಇದೆಲ್ಲ ಕೆಟ್ಟಿತು. ಬೆಳಗಿನಿಂದ ಜಿಟಿಜಿಟಿ ಮಳೆ, ಬಸ್ ಸ್ಟ್ಯಾಂಡ್ ಎಲ್ಲ ಕೆಸರು. ಅವತ್ತೂ ನನ್ನ ಸೊಂಟ ಹಿಡಿದಿತ್ತು. ಕಮಲಾಪುರದ ಬಸ್ಸು ನಿಂತಿತು, ಸವಿತಾ ಬಾಗಿಲಿಗೆ ಬಂದಳು, ನನ್ನ ಮುಖ ನೋಡಿದಳು. ಕೇಳಲಿಲ್ಲ. ಕೆಳಗೆ ಇಳಿಯಲೂ ಇಲ್ಲ. ಒಳಗೆ ಹೋಗಿ ಕುಳಿತುಬಿಟ್ಟಳು. ನಾನು ಕೆಸರಲ್ಲಿ ಕುಂಟುತ್ತ ಹತ್ತಿರ ಹೋಗುವಷ್ಟರಲ್ಲಿ ಬಸ್ಸು ತಿರುಗಿಸಿಕೊಂಡು ಹೊರಟೇ ಹೋಯಿತು. ಫೋನ್ ಮಾಡಿದರೆ ಸ್ವಿಚ್ ಆಫ್.

ಹಿಂದೆ ಎರಡು ಸಲವೂ ಹೀಗೇ ಆಗಿತ್ತು, ಮೊದಲು ಫೋನು ಬಂದ್ ಆಗುತ್ತಿತ್ತು. ಮುಂದಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ತೊಗರಿ ಹೊಲಗಳು ಮಳೆಯಲ್ಲಿ ನೆನೆಯುತ್ತಿದ್ದವು, ನನಗೆ ಒಂದೂ ಚಂದ ಕಾಣಲಿಲ್ಲ. ದೇವರೇ, ಇವಳು ಬದುಕಿರಲಿ, ಬೇಕಾದರೆ ನನ್ನನ್ನು ರಾಕ್ಷಸಿ ಎನ್ನಲಿ ಎಂದು ಬೇಡಿಕೊಂಡೆ. ಆ ಹೊತ್ತಿಗೆ ಬೇಡುವುದನ್ನು ಕೆಳಗೆ ಇಡು ಎಂದಿದ್ದರೆ ಡಾಕ್ಟರಿಗೂ ಬೈದುಬಿಡುತ್ತಿದ್ದೆ.

ಅವಳು ತವರಿನ ಬಾಳೆತೋಟದಲ್ಲಿ, ಪಂಪಿನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಳು. ಬದುಕಿದ್ದಳು. ಕೈಗಳು ನೆಟ್ಟಗಿದ್ದವು. ನಾನು ದೂರದಿಂದಲೇ ಅವನ್ನೇ ಮೊದಲು ನೋಡಿದೆ.

"ಮತ್ಯಾಕ ಬಂದ್ರಿ?" ಅಂದಳು. "ನಿಮಗ ನನ್ನ ಕಂಡ್ರ ಹೇಸಿಕಿ. ಮುಖದಾಗ ಕಾಣ್ತಿತ್ತು."

"ಹೇಸಿಕಿ ಅಲ್ಲ ಹುಚ್ಚಿ, ಸೊಂಟ ನೋವು."

"ಸುಳ್ಳು. ಈಗೂ ಹಂಗ ನೋಡಾಕತ್ತೀರಿ."

ನಾನು ಇನ್ನೇನು ಮಾಡಲಿ? ದಣಿದಿದ್ದೆ, ಒದ್ದೆಯಾಗಿದ್ದೆ, ನನ್ನ ಮುಖವನ್ನು ಕಿತ್ತು ಬೇರೆ ಮುಖ ಹಚ್ಚಿಕೊಳ್ಳಲು ಬರುತ್ತಿರಲಿಲ್ಲ. ಅದೇ ಕಟ್ಟೆಯ ಮೇಲೆ ಅವಳಿಗೆ ಬೆನ್ನು ಕೊಟ್ಟು ಕುಳಿತುಬಿಟ್ಟೆ. "ನನ್ನ ಮುಖ ನೋಡಬ್ಯಾಡ. ಧ್ವನಿ ಕೇಳು" ಅಂದೆ. ಎಕ್ಸ್‌ಚೇಂಜಿನ ಕಾಲದ ನನ್ನ ಧ್ವನಿ ತೆಗೆದೆ. ಅದು ಇನ್ನೂ ಇತ್ತು. ಟ್ರಂಕ್ ಕಾಲಿನ ಕಥೆ ಹೇಳಿದೆ, ಪೇಡೆಯ ವ್ಯಾಪಾರಿಯ ಕಥೆ ಹೇಳಿದೆ, ನನ್ನ ಯಜಮಾನರ ಚೇಷ್ಟೆ ಹೇಳಿದೆ. ಹಿಂದಿನಿಂದ ಒಂದು ಸಣ್ಣ ನಗು ಬಂತು. ಸ್ವಲ್ಪ ಹೊತ್ತಿಗೆ ಅವಳೂ ತಿರುಗಿ ಕುಳಿತು ತನ್ನ ಬೆನ್ನನ್ನು ನನ್ನ ಬೆನ್ನಿಗೆ ಆನಿಸಿದಳು. ಸೊಂಟಕ್ಕೆ ಬಿಸಿ ತಾಗಿ ಹಾಯೆನ್ನಿಸಿತು.

"ಅತ್ತಿ, ನಿಮ್ಮ ಧ್ವನಿ ಇಷ್ಟು ಛಂದ ಅದ ಅಂತ ನನಗ ಗೊತ್ತೇ ಇರಲಿಲ್ಲ."

"ನೀ ಕೇಳೇ ಇಲ್ಲ. ನೋಡಿ ನೋಡಿ ಅಂಜಿದಿ."

ಆಮೇಲೆ ಗುರುವಾರ ಬಿಟ್ಟು ಉಳಿದ ದಿನ ನಾನು ಸಂಜೆ ಫೋನ್ ಮಾಡುತ್ತಿದ್ದೆ. ಆಪರೇಟರ್ ಧ್ವನಿಯಲ್ಲಿ "ಲೈನಿನಲ್ಲೇ ಇರಿ" ಎಂದರೆ ಆ ಕಡೆ ನಗು. ಎದುರು ಕುಳಿತು ಮಾತಾಡುವಾಗ ಮುಖ ಅಡ್ಡ ಬಂತೆಂದರೆ "ತಿರುಗಿ ಕೂಡ್ರಿ ಅತ್ತಿ" ಎನ್ನುವಳು, ಇಬ್ಬರೂ ಬೆನ್ನು ಹಚ್ಚಿ ಕೂರುತ್ತಿದ್ದೆವು. ಕ್ಲಿನಿಕ್ಕಿನಲ್ಲಿ ಇದನ್ನು ಕಂಡು ಡಾಕ್ಟರು, "ಇದು ನಮ್ಮ ಸಿಲಬಸ್ಸಿನಾಗ ಇಲ್ಲ, ನಡೀಲಿ" ಅಂದರು.

ಎಳ್ಳಮಾವಾಸ್ಯೆ ಕಳೆದು, ತೊಗರಿ ಕೊಯ್ಲು ನಡೆದಿದ್ದಾಗ ಎರಡನೇ ಸ್ಕ್ಯಾನಿನ ದಿನ ಬಂತು. ಬಸು ರಜೆ ಹಾಕಿ ತಾನೇ ಬಂದ. ತೀರ್ಪು ಕೇಳಲು ಬಂದವನ ಹಾಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ನಾನು ಚೀಲದಲ್ಲಿ ಅರಿಷಿಣದ ಕೊಂಬು, ದಾರ ತಂದಿದ್ದೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಅದನ್ನು ತೆಗೆದಾಗ ಸವಿತಾ ನನ್ನ ಕೈ ಹಿಡಿದಳು.

"ಬ್ಯಾಡ ಬಿಡ್ರಿ ಅತ್ತಿ. ಒಂದೀಟು ಹೊತ್ತು ಬರೀ ಕೊಳ್ಳಾಗ ಇರ್ತೀನಿ. ಅಂಜಿಕಿ ಬರ್ತದ, ನೋಡ್ತೀನಿ."

ತಾಳಿ ಬಿಚ್ಚಿ ನನ್ನ ಕರವಸ್ತ್ರದಲ್ಲಿ ಇಟ್ಟು ಒಳಗೆ ಹೋದಳು. ಮಶೀನು ಬಡಿದುಕೊಳ್ಳುವಾಗ ನಾನು ಗಾಜಿನ ಆಚೆ ಕುಳಿತು ಇದು ಯಾವ ಫೋಟೊದಲ್ಲಿ ಬರುತ್ತದೆ ಎಂದು ಯೋಚಿಸುತ್ತಿದ್ದೆ.

ಹೊರಗೆ ಬಂದ ಮೇಲೆ ಬಸು ಡಾಕ್ಟರನ್ನು ನೇರವಾಗಿ ಕೇಳಿದ, ಪಾಸೋ ಫೇಲೋ ಎನ್ನುವ ಹಾಗೆ. ಅವರು ಕುರ್ಚಿ ಎಳೆದು ಕುಳಿತು ಸಮಾಧಾನದಿಂದ ಹೇಳಿದರು. "ಅದು ಹಂಗ ಹೇಳಂಗಿಲ್ರಿ. ಎಲ್ಲಾರದ್ದೂ ಕೂಡಿಸಿ ನೋಡಬೇಕು, ಬಹಳ ದಿನ ಹಿಡೀತದ. ಇವರ ಒಬ್ಬರ ಫೋಟೊ ಹಿಡದು ಇವರು ಸುಧಾರಿಸ್ಯಾರ ಅಂತ ನಾನು ಅಂದ್ರ ಸುಳ್ಳು ಹೇಳಿದಂಗಾಗ್ತದ. ಸುಧಾರಣೆ ನೋಡಬೇಕಂದ್ರ ಇವರನ್ನ ನೋಡ್ರಿ."

ಬಸು ನೆಲ ನೋಡಿದ. ಅವನು ಎಷ್ಟೋ ತಿಂಗಳಿನಿಂದ ಅವಳನ್ನು ನೋಡಿರಲೇ ಇಲ್ಲ. ಸವಿತಾ ಅವನ ಎದುರು ಬಂದು ನಿಂತಳು. ಅವನ ಮುಖವನ್ನು, ಆ ಬಾಳೆಹಣ್ಣನ್ನು ನೋಡಿದ ಹಾಗೆ, ಅವಸರವಿಲ್ಲದೆ ನೋಡಿದಳು.

"ಸಿಟ್ಟಾಗೀರೇನ್ರಿ?"

"ಇಲ್ಲ" ಅಂದ ಬಸು. ಆಮೇಲೆ ಅಂದ, "ದಣದೀನಿ ಸವಿತಾ. ಮತ್ತ ಮೊದಲಿಂದ ಶುರು ಮಾಡಾಕ ನನ್ನ ಕೈಲಿ ಆಗಂಗಿಲ್ಲ."

ಈಗ ಕುರ್ಚಿ ಹಾರುತ್ತದೆ, ಈಗ ಗಾಜು ಒಡೆಯುತ್ತದೆ ಎಂದು ಕಾದೆ. ಸವಿತಾಳ ಕಣ್ಣಲ್ಲಿ ನೀರು ಬಂತು. ಒಂದು ಉಸಿರು ತೆಗೆದುಕೊಂಡಳು, ಬಿಟ್ಟಳು. "ಹೂಂ" ಅಂದಳು. "ಖರೇ ಹೇಳಿದ್ರಿ. ಛಲೋ ಆತು." ಅಷ್ಟೇ. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡಳು. ನಾನು ಕರವಸ್ತ್ರ ಮುಂದೆ ಹಿಡಿದೆ. ಅವಳು ಅದನ್ನು ನೋಡಿ, "ನಿಮ್ಮ ಹತ್ರ ಇರಲಿ ಅತ್ತಿ" ಎಂದು ಆಟೋ ಹತ್ತಿದಳು. ನನ್ನ ಮಗನ ಮೇಲೆ ನನಗೆ ಅವತ್ತು ಬಹಳ ಸಿಟ್ಟು ಬಂತು. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆನೇನೋ ಎಂದೂ ಅನ್ನಿಸಿತು. ಎರಡೂ ನಿಜ.

ಕೋರ್ಟಿನ ಕೆಲಸ ಗದ್ದಲವಿಲ್ಲದೆ ಮುಗಿಯಿತು. ಬಸು ಈಗ ವರ್ಗವಾಗಿ ರಾಯಚೂರಿನಲ್ಲಿದ್ದಾನೆ. ಸವಿತಾ ಕಮಲಾಪುರದಲ್ಲೇ ಇದ್ದಾಳೆ, ಬಾಳೆಗೊನೆ ನೋಡಿ ಆರಿಸಿ ವ್ಯಾಪಾರಿಗಳಿಗೆ ಕೊಡುವ ಕೆಲಸ ಅವಳದೇ. ಗುಣ ಆಯಿತೇ ಎಂದು ಕೇಳುವವರಿಗೆ ಏನು ಹೇಳಲಿ? ಹೋದ ತಿಂಗಳು ನಾನು ಫೋನ್ ಮಾಡಲು ಮರೆತದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದಳು. ಮೂರನೇ ದಿನ ತಾನೇ ಫೋನ್ ಮಾಡಿ, "ಬಿಟ್ಟುಹೋದ್ರಿ ಅನಸಿತ್ತು, ಕೇಳಬೇಕಾಗಿತ್ತು, ಕೇಳಲಿಲ್ಲ" ಅಂದಳು. ಕೈಗಳ ಮೇಲೆ ಹೊಸ ಗಾಯ ಇಲ್ಲ. ಬಳೆ ಈಗ ಎರಡೇ. ಆ ಫೋಟೊಗಳನ್ನೆಲ್ಲ ಕೂಡಿಸಿ ಏನು ಲೆಕ್ಕ ಬಂತೋ ನಾನು ಕೇಳಲು ಹೋಗಲಿಲ್ಲ. ಅವಳಿಗೆ ನಾನು ಈಗ ಏನೂ ಆಗಬೇಕಿಲ್ಲ. ಆದರೂ ನನ್ನ ಸೊಂಟದ ಸುದ್ದಿ ಕೇಳಿ ಮೊದಲ ಬಸ್ಸಿಗೆ ಬಂದವಳು ಅವಳೇ.

ಬಡಿತ ನಿಂತಿತು. ಟೆಕ್ನಿಶಿಯನ್ ನನ್ನನ್ನು ಕೊಳವೆಯಿಂದ ಹೊರಗೆಳೆದು, ಮುಖ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. "ಬಹಳ ಹೊತ್ತಾತು ಅಂತ ಸಿಟ್ಟಾಗಬ್ಯಾಡ್ರಿ ಅಮ್ಮಾ, ಮಶೀನೇ ಹಂಗ" ಅಂದ. ನಾನು ಗೋಡೆ ಹಿಡಿದುಕೊಂಡು ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ. ಸವಿತಾ ನನ್ನ ಮುಂದೆ ಕೆಳಗೆ ಕುಳಿತು ಬಳೆಗಳನ್ನು ಒಂದೊಂದಾಗಿ ನನ್ನ ಕೈಗೆ ಏರಿಸುತ್ತ ತಲೆಯೆತ್ತಿದಳು. ಮೂಗಿನಿಂದ ಹಣೆಗೆ, ಹಣೆಯಿಂದ ಕಣ್ಣಿಗೆ, ನನ್ನ ಮುಖವನ್ನು ಅವಸರವಿಲ್ಲದೆ ನೋಡಿದಳು. ಎಂದಿನ ಪ್ರಶ್ನೆ ಬರುತ್ತದೆ, ಎಂದಿನ ಉತ್ತರ ಹೇಳೋಣ ಎಂದು ನಾನು ಬಾಯಿ ತೆರೆದೆ.

"ಅಂಜೀರೇನ್ರಿ ಅತ್ತಿ?" ಅಂದಳು.

ನನ್ನ ಯಜಮಾನರು ಈ ಮುಖ ನೋಡಿ ಇದನ್ನು ಒಮ್ಮೆಯೂ ಕೇಳಿರಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗನೂ ಕೇಳಿರಲಿಲ್ಲ. ಆಪರೇಟರ್ ಧ್ವನಿ ತೆಗೆಯೋಣವೆಂದರೆ ಅದು ಗಂಟಲಲ್ಲಿ ಸಿಗಲಿಲ್ಲ.

"ಹೂಂ ಯವ್ವಾ" ಅಂದೆ. "ಬಹಳ ಅಂಜೀನಿ."